ಎಡ ಮೂಲೆಯ ನೆರಳು

ಒಂದು ರೋಲು ಅಂದರೆ ಮೂರು ನಿಮಿಷ, ಇಪ್ಪತ್ತು ಸೆಕೆಂಡು.
ಅಷ್ಟರೊಳಗೆ ಹೇಳಬೇಕು, ಆಗದಿದ್ದರೆ
ಮುಂದಿನ ಸಂಬಳದವರೆಗೆ ಬಾಯಿ ಮುಚ್ಚಿಕೊಂಡಿರಬೇಕು.

ಕ್ಯಾಮರಾ ದತ್ತಾರಾಮ ರಾಯ್ಕರರದು.
ಬೈತಖೋಲಿಗೆ ಅದಿರು ತುಂಬಿಸಲು ಬಂದ ಹಡಗಿನ
ಯಾವನೋ ಅಡುಗೆಯವನಿಂದ ಕೊಂಡದ್ದು.
ಹಿಡಿಕೆಯಲ್ಲಿ ಅವನ ಬೆರಳುಗಳ ಸವಕಳಿ,
ಸಂದಿಯಲ್ಲಿ ಇನ್ನೂ ಬೆಳ್ಳುಳ್ಳಿ ವಾಸನೆ.
ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದರು ಅದನ್ನು.
ಕಾರವಾರದ ಗಾಳಿ
ಬೀಗವನ್ನೇ ತಿಂದು ತೇಗುತ್ತದೆ, ಗಾಜನ್ನು ಬಿಟ್ಟೀತೆ?
ಎರಡನೇ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು
ಹವಳದ ಹಾಗೆ ಕವಲೊಡೆಯಿತು.
ಗಡಿಯಾರ ರಿಪೇರಿಯ ಕಾಯ್ತಾನ್ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ
"ಚಲೋ ಕಾಣ್ತದೆ, ಇರಲಿ ಬಿಡಿ" ಅಂದ.

ಸಂಘಕ್ಕೆ ಐವರು ಸದಸ್ಯರು.
ಅಲ್ಲ, ನಾಲ್ವರು, ಮತ್ತು ನಾನು.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಊರ ದನಿಗಳನ್ನೆಲ್ಲ ಒಂದಕ್ಕೊಂದು ಸಿಕ್ಕಿಸುವವಳು.
ಇಲ್ಲಿ ಬಂದರೆ ಸದ್ದೇ ಇಲ್ಲದ ಸಿನಿಮಾ.
ಹಾಗಾಗಿ ನನ್ನ ಕೈಗೆ ಕೊಡೆ ಕೊಟ್ಟರು.

ಹುಬ್ಬಳ್ಳಿಯಲ್ಲಿ ಸ್ಪರ್ಧೆ. ವಿಷಯ: ಶ್ರಮ.
ಪ್ರವೇಶ ಶುಲ್ಕ ಇಪ್ಪತ್ತು ರೂಪಾಯಿ, ಮಾತು ಕೂಡದು.
ಮೊದಲ ಬಸ್ಸಿಗೆ ಅಂಕೋಲೆ, ಅಲ್ಲಿಂದ ಸಾಣಿಕಟ್ಟಾ,
ಉಪ್ಪಿನ ಆಗರ, ಏಪ್ರಿಲ್ ತಿಂಗಳು.
ನೆಲವೇ ಮೇಲಕ್ಕೆ ಬಿಸಿಲು ಎರಚುತ್ತಿತ್ತು.
ರಾಯ್ಕರರು ಮೊಣಕಾಲೂರಿ ಉಸಿರು ಕಟ್ಟಿದರು,
ನಾನು ಲೆನ್ಸಿನ ಹುಬ್ಬಿಗೆ ಕೊಡೆ ಹಿಡಿದೆ.
ಟರ್‌ರ್ ಎಂಬ ಸದ್ದು. ಅದೊಂದೇ ನಮ್ಮ ಸಂಗೀತ,
ಅದೂ ಸಿನಿಮಾದಲ್ಲಿ ಬರಲಿಲ್ಲ.

ದೇವಿ ಆಗೇರ ಬುಟ್ಟಿ ಹೊತ್ತು ಬದುವಿನ ಮೇಲೆ ನಡೆದಳು.
ಮತ್ತೊಮ್ಮೆ ನಡೀರಿ ಅಂದರು. ನಡೆದಳು.
ಮೂರನೇ ಸಲಕ್ಕೆ ನಿಂತು ಕೇಳಿದಳು:
"ಈ ಬುಟ್ಟೀದು ಕೂಲಿ ಯಾರ ಲೆಕ್ಕಕ್ಕೆ?"
ಪೆಡ್ನೇಕರ್ ಮಾಸ್ತರರು ಖರ್ಚಿನ ಪುಸ್ತಕ ತೆಗೆದು ಬರೆದರು,
'ಪಾತ್ರಧಾರಿಗೆ, ಎಂಟಾಣೆ.'

ಮುಂಬಯಿಗೆ ಹೋದ ಉಪ್ಪು
ನಲವತ್ತು ದಿನಕ್ಕೆ ಅಂಚೆಯಲ್ಲಿ ತಿರುಗಿ ಬಂತು.
ಕಾಯ್ತಾನ್ ಬ್ಲೇಡಿನಿಂದ ಕೊಯ್ದ, ಟೇಪಿನಿಂದ ಅಂಟಿಸಿದ.
ರಾಯ್ಕರರ ಹೆಂಡತಿಯ ಮದುವೆಯ ಬಿಳಿ ಹಾಸು ಗೋಡೆಗೇರಿತು.
ಮಡಿಕೆಯ ಗೆರೆಗಳನ್ನು ದಾಟಿ ದಾಟಿ ದೇವಿ ನಡೆದಳು,
ಮೂರು ಸಲ.

ಆಮೇಲೆ ತೀರ್ಪುಗಾರರ ಚೀಟಿ.
ಕಥಾವಸ್ತು: ಆರು. ಸಂಕಲನ: ಐದು.
ಛಾಯಾಗ್ರಹಣ: ನಾಲ್ಕು.
ಷರಾ: ಎಡ ಮೂಲೆಯಲ್ಲಿ ಆದ್ಯಂತ ಯಾರದೋ ನೆರಳು.

ಜೊತೆಗೊಂದು ಮೆಚ್ಚುಗೆ ಪತ್ರ, ಮುಚ್ಚಳ ಕೂರದ ಸ್ಟೀಲ್ ಡಬ್ಬ.
ಯಾರೂ ಬೈಯಲಿಲ್ಲ.
"ಮುಂದಿನ ಸಲ ಸ್ವಲ್ಪ ಹಿಂದೆ ನಿಲ್ಲಿ, ಮಂದಾಬಾಯಿ" ಅಂದರು, ಅಷ್ಟೇ.
ನನಗೆ ಉತ್ತರ ಹೊಳೆದದ್ದು ನಾಲ್ಕು ದಿನ ಬಿಟ್ಟು,
ರಾತ್ರಿ ಪಾಳಿಯಲ್ಲಿ, ಬೆಳಗಾವಿಯ ಟ್ರಂಕ್ ಕಾಲಿಗೆ ಕಾಯುತ್ತ:
ಛಾಯೆಯನ್ನು ಹಿಡಿಯುವುದಕ್ಕೇ ಅಲ್ಲವೇ ಸ್ವಾಮಿ
ಛಾಯಾಗ್ರಹಣ ಅನ್ನುವುದು?
ಯಾರಿಗೆ ಹೇಳಲಿ. ಲೈನಿನಲ್ಲಿ ಬರೀ ಕರಕರ.

ಓವರ್‌ಟೈಮಿನ ದುಡ್ಡಿನಲ್ಲಿ ಒಂದು ರೋಲು ಕೊಂಡೆ.
ಮತ್ತೆ ಏಪ್ರಿಲ್, ಮತ್ತೆ ಅದೇ ಬಸ್ಸು.
ಈ ಸಲ ಕ್ಯಾಮರಾ ನನ್ನ ಕಣ್ಣಿಗೆ,
ಕೊಡೆ ರಾಯ್ಕರರ ಕೈಗೆ.
ಪಾಪ, ಹತ್ತು ಎಣಿಸುವುದರೊಳಗೆ ಅವರ ತೋಳು ನಡುಗಿತು.
"ನಡೀಬೇಕಾ?" ದೇವಿ ಬುಟ್ಟಿಗೆ ಬಾಗಿದಳು.
ಬೇಡ, ಕೂತ್ಕೊಳ್ಳಿ ಅಂದೆ.
ಎಲ್ಲಿ?
ಅಗೋ, ಆ ಕೊಡೆಯ ನೆರಳಲ್ಲಿ.

ಕೂತಳು. ಮೊದಲು ತುದಿಗಾಲಲ್ಲಿ,
ಕರೆದರೆ ಏಳುವವಳ ಹಾಗೆ.
ಆಮೇಲೆ ಕಾಲು ಚಾಚಿ,
ಹಿಮ್ಮಡಿಯ ಸೀಳಿನಿಂದ ಉಪ್ಪಿನ ಹರಳೊಂದನ್ನು
ಉಗುರಲ್ಲಿ ಮೀಟಿ ತೆಗೆದಳು.
ಕವಳದ ಸಂಚಿ ಬಿಚ್ಚಿದಳು.
ಸುಣ್ಣ ಹಚ್ಚುವಷ್ಟರಲ್ಲಿ
ಕ್ಯಾಮರಾದ ಹೊಟ್ಟೆಯಲ್ಲಿ ಟಕ್ ಎಂದಿತು.

ರೋಲು ಮುಗಿದದ್ದು ನಾನು ಯಾರಿಗೂ ಹೇಳಲಿಲ್ಲ.
ಕಣ್ಣು ಕೀಳದೆ
ಹಾಗೇ ಹಿಡಿದುಕೊಂಡಿದ್ದೆ.